ಟವೆಲ್ಲಿನ ಕೆಳಗಿನ ಇನ್ನೂರು ರೂಪಾಯಿ

(ಆ್ಯಪ್ ಮಾಡಿದ ಅಪರಿಚಿತರಿಗೆ ದೊಡ್ಡಬಳ್ಳಾಪುರದ ಮಗ್ಗದವನೊಬ್ಬನ ಬಹಿರಂಗ ಪತ್ರ)

ಚೌಕಳಿಯ ಮೇಲೆ ಚಿತ್ರ ಬಿಡಿಸುವ ಆ್ಯಪ್ ಮಾಡಿದ ಮಹನೀಯರೇ,

ನಾನು ನಿಮಗೆ ಇನ್ನೂರು ರೂಪಾಯಿ ಕೊಡಬೇಕು. ನಾಲ್ಕು ತಿಂಗಳಿಂದ ಕೊಡಲು ಒದ್ದಾಡುತ್ತಿದ್ದೇನೆ. ಸಾಲ ಮಾಡಿ ತಲೆಮರೆಸಿಕೊಂಡವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಸಾಲ ತೀರಿಸುವುದಕ್ಕೆ ದಾರಿ ಕಾಣದೆ ತಲೆ ಚಚ್ಚಿಕೊಳ್ಳುವವನನ್ನು ನೋಡಿರಲಿಕ್ಕಿಲ್ಲ. ಆ ಪ್ರಾಣಿ ನಾನು.

ನಿಮಗೆ ಕನ್ನಡ ಬಾರದಿದ್ದರೆ ಈ ಪತ್ರವನ್ನು ದಯವಿಟ್ಟು ಫೋನಿನ ಅನುವಾದ ಯಂತ್ರಕ್ಕೆ ಹಾಕಬೇಡಿ. ಅದು ನಿಮಗೆ ಹೇಳುವ ಮೊದಲು ಇನ್ನಾರ ಕಿವಿಯಲ್ಲಿ ಊದುತ್ತದೋ! ನಿಮ್ಮೂರು ಯಾವುದೇ ಇರಲಿ, ಅಲ್ಲೊಬ್ಬ ಕನ್ನಡದವನು ಇದ್ದೇ ಇರುತ್ತಾನೆ. ಅವನಿಗೊಂದು ಕಾಫಿ ಕೊಡಿಸಿ ಓದಿಸಿಕೊಳ್ಳಿ. ಕಾಫಿಯ ದುಡ್ಡನ್ನೂ ನನ್ನ ಲೆಕ್ಕಕ್ಕೇ ಬರೆದುಕೊಳ್ಳಿ.

ನನ್ನ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇವೆ. ನಮ್ಮೂರಿನಲ್ಲಿ ಸದ್ದಾದರೆ ಯಾರಿಗೂ ಎಚ್ಚರವಾಗುವುದಿಲ್ಲ, ಸದ್ದು ನಿಂತರೆ ಎಲ್ಲರೂ ಎದ್ದು ಕೂರುತ್ತಾರೆ, ಕರೆಂಟು ಹೋಯಿತಲ್ಲ ಅಂತ. ನಿಮ್ಮ ಆ್ಯಪನ್ನು ನೀವು ಮಾಡಿದ್ದು ಬಹುಶಃ ಆಟದ ಗೊಂಬೆಗಳನ್ನು ಚೌಕ ಚೌಕವಾಗಿ ಬಿಡಿಸುವ ಹುಡುಗರಿಗಾಗಿ. ನನಗದು ಸೀರೆಯ ಬುಟ್ಟಾ ಬಿಡಿಸಲು ಒದಗಿತು. ಚೌಕ ತುಂಬಿದರೆ ಎಳೆ ಮೇಲೆ, ಖಾಲಿ ಬಿಟ್ಟರೆ ಎಳೆ ಕೆಳಗೆ. ಅಷ್ಟೇ ತಾನೇ ನೇಯ್ಗೆ? ನೀವು ಕೊಟ್ಟ ಹದಿನೈದು ದಿನದ ಪುಕ್ಕಟೆ ಅವಧಿಯಲ್ಲಿ ದೇವನಹಳ್ಳಿ ಚಕ್ಕೋತದ ತೊಳೆಯ ಹಾಗೆ ಒಂದು ಬುಟ್ಟಾ ಬಿಡಿಸಿದೆ. ಹನ್ನೊಂದು ಸೀರೆ ಬಿಕರಿಯಾದವು. ಹದಿನಾರನೇ ದಿನ ನಿಮ್ಮ ಆ್ಯಪ್ ಬಾಗಿಲು ಹಾಕಿಕೊಂಡು “ಇನ್ನೂರು ರೂಪಾಯಿ” ಎಂದಿತು. ನ್ಯಾಯವಾದ ಮಾತು. ಜೇಬಿಗೆ ಕೈ ಹಾಕಿದೆ. ಅಲ್ಲಿಂದ ಶುರುವಾಯಿತು ನೋಡಿ.

ಮೊದಲು ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಆ್ಯಪಿಗೆ ದುಡ್ಡು ಕೊಡುವುದು ನಮಗೆ ಹೊಸದಲ್ಲ. 1804ರ ಸುಮಾರಿಗೆ ಫ್ರಾನ್ಸಿನ ಲಿಯೋನ್‌ನಲ್ಲಿ ಜಕಾರ್ ಎಂಬ ಪುಣ್ಯಾತ್ಮ ತೂತು ಕೊರೆದ ರಟ್ಟುಗಳ ಮೂಲಕ ಮಗ್ಗಕ್ಕೆ ಹೂ ಬಿಡಿಸುವುದನ್ನು ಕಲಿಸಿದ. ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಆ ರಟ್ಟನ್ನೇ ಕಡ ತಂದ. ಅಂದರೆ ನಿಮ್ಮ ಕಸುಬಿನ ಮುತ್ತಜ್ಜ ಈಗಲೂ ನಮ್ಮ ಮಗ್ಗದ ನೆತ್ತಿಯ ಮೇಲೆ ಕೂತು ಟಕಟಕ ಅನ್ನುತ್ತಿದ್ದಾನೆ. ನಮ್ಮಪ್ಪ ಕಾರ್ಡು ಹೊಡೆಯುವವನ ಹತ್ತಿರ ಒಂದು ಕಟ್ಟು ರಟ್ಟು ಕೊಂಡು, ನೋಟು ಎಣಿಸಿ ಕೊಟ್ಟು, ಹೆಗಲ ಮೇಲೆ ಹೊತ್ತು ತಂದರೆ ವ್ಯವಹಾರ ಮುಗಿಯಿತು. ಎಷ್ಟು ಸೀರೆ ಇಳಿಯಿತೆಂದು ಆ ರಟ್ಟು ರಾತ್ರಿ ಎದ್ದು ಹೋಗಿ ಕಾರ್ಡಿನವನಿಗೆ ಚಾಡಿ ಹೇಳಲಿಲ್ಲ. ಸೀರೆ ಉಟ್ಟ ಮದುಮಗಳ ಹೆಸರು ಕೇಳಲಿಲ್ಲ. ಬೆಳಿಗ್ಗೆ ಮಗ್ಗ ಹಾಕಿದೊಡನೆ “ನೀನು ನನ್ನನ್ನು ಕೊಂಡವನೇ ಹೌದಾ, ರುಜುವಾತು ತೋರಿಸು” ಎಂದು ಲಾಳಿ ಹಿಡಿದು ನಿಲ್ಲಿಸಲಿಲ್ಲ. ಆಗೀಗ ಇಲಿ ಕಡಿದದ್ದು ಬಿಟ್ಟರೆ ಅದಕ್ಕೆ ಬೇರೆ ವೈರಸ್ಸೂ ತಗುಲಲಿಲ್ಲ.

ಇಂಥ ರಟ್ಟಿನ ಕಾಲದವನು ಗುಟ್ಟು ಕಾಯುವ ಫೋನಿಗೆ ಯಾಕೆ ಬಿದ್ದೆ ಎಂದು ಕೇಳುತ್ತೀರಿ. ಮಗಳ ಮದುವೆ ಮಾತು ನಮ್ಮ ನಡುಮನೆ ದಾಟಿರಲಿಲ್ಲ. ಒಡಹುಟ್ಟಿದ ಅಕ್ಕನಿಗೂ ಹೇಳಿರಲಿಲ್ಲ. ಒಂದು ಸಂಜೆ ಫೋನಿನಲ್ಲಿ ಕಲ್ಯಾಣ ಮಂಟಪದ ಬಾಡಿಗೆ ಎಷ್ಟೆಂದು ಹುಡುಕಿದ್ದೇ ತಪ್ಪು. ಮಾರನೆಯ ದಿನದಿಂದ ಅಡುಗೆಯವರು, ಓಲಗದವರು, ಒಡವೆ ಸಾಲದವರು, ಎಲ್ಲರೂ ಪರದೆಯ ಮೇಲೆ ಹಾಜರು. ಗಂಡು ಇನ್ನೂ ಒಪ್ಪಿರಲಿಲ್ಲ; ಫೋಟೋಗ್ರಾಫರ್ ಒಪ್ಪಿದ್ದ.

ಅಕ್ಕನ ಮಗ ಸಾಫ್ಟ್‌ವೇರಿನವನು. “ಮಾಮ, ಗೂಗಲ್ ಕಣ್ಣು ತಪ್ಪಿಸಬೇಕಾ? ಫೋನಿಗೆ ಗ್ರಾಫೀನ್ ಓಎಸ್ ಅನ್ನೋ ಬೇರೆ ಸಾಫ್ಟ್‌ವೇರ್ ಹಾಕ್ಕೊಡ್ತೀನಿ” ಎಂದ. ಅದನ್ನು ಹಾಕಲು ಯಾವ ಫೋನು ಬೇಕಪ್ಪಾ ಎಂದೆ. “ಪಿಕ್ಸೆಲ್.” ಅದನ್ನು ಮಾಡುವವರು ಯಾರು? ಹುಡುಗ ತಲೆ ಕೆರೆದುಕೊಂಡು “ಗೂಗಲ್” ಎಂದ. ನಮ್ಮ ತಾಲ್ಲೂಕಿನ ಪಕ್ಕದಲ್ಲೇ, ದೇವನಹಳ್ಳಿಯ ಕಡೆ, ಫಾಕ್ಸ್‌ಕಾನ್‌ನವರು ಐಫೋನು ಜೋಡಿಸುತ್ತಾರೆ. ಆದರೂ ಗೂಗಲ್ಲಿನಿಂದ ತಪ್ಪಿಸಿಕೊಳ್ಳಲು ಗೂಗಲ್ಲಿಗೇ ದುಡ್ಡು ಕಟ್ಟಿದ ಜಾಣ ನಾನು. ನನ್ನ ಹೆಂಡತಿ ಆವತ್ತೇ ಕೇಳಿದಳು: “ನಿಮ್ ಗುಟ್ಟು ಕದಿಯಕ್ಕೆ ಅಮೆರಿಕದೋರು ಕಾಯ್ಕೊಂಡು ಕೂತವ್ರಾ?” ಕೂತವ್ರೆ ಕಣೇ, ಅದೇ ಅವರ ವ್ಯಾಪಾರ ಎಂದೆ. ಅವಳು ನಂಬಲಿಲ್ಲ. ಆಮೇಲೆ ಸಿಮ್ ತರಲು ಹೋದೆ. ಅಂಗಡಿಯ ಹುಡುಗ ಆಧಾರ್ ತೆಗೆದುಕೊಂಡ, ಮುಖದ ಫೋಟೋ ಹಿಡಿದ, ಒಮ್ಮೆ ಕಣ್ಣು ಮಿಟುಕಿಸಿ ಎಂದ. ಮಿಟುಕಿಸಿದೆ. ನನ್ನ ಗುಟ್ಟಿನ ಫೋನು ಹೀಗೆ ಬಹಿರಂಗವಾಗಿ ಉದ್ಘಾಟನೆಯಾಯಿತು.

ಈಗ ನಿಮ್ಮ ಇನ್ನೂರಕ್ಕೆ ಬರೋಣ.

ಮೊದಲ ದಾರಿ ಪ್ಲೇ ಸ್ಟೋರು. ಈ ಫೋನಿನಲ್ಲಿ ಅದನ್ನು ಬೇಲಿಯ ಒಳಗೆ ಕಟ್ಟಿಹಾಕಿ ಇಟ್ಟುಕೊಳ್ಳಬಹುದಂತೆ, ಹಾಯುವ ಹೋರಿಗೆ ಮೂಗುದಾರ ಹಾಕಿ ಗೊಂತಿಗೆ ಕಟ್ಟಿದ ಹಾಗೆ. ಸರಿ, ಕಟ್ಟಿದೆವು. ಆದರೆ ದುಡ್ಡು ಕೊಟ್ಟು ಕೊಳ್ಳಬೇಕಾದರೆ ಹೋರಿಗೆ ನಮ್ಮ ಖಾತೆ ತೋರಿಸಬೇಕು, ಪಾವತಿಯ ವಿವರ ತೋರಿಸಬೇಕು. ಅರೋರಾ ಸ್ಟೋರ್ ಎಂಬ ಹಿತ್ತಲ ಬಾಗಿಲೂ ಇದೆ. ಅಲ್ಲಿ ಹೆಸರು ಹೇಳದೆ ಪುಕ್ಕಟೆ ಆ್ಯಪುಗಳನ್ನೆಲ್ಲ ತರಬಹುದು, ದುಡ್ಡಿನ ಆ್ಯಪಿಗೆ ಮಾತ್ರ ಖಾತೆ ಬೇಕು. ಎಫ್-ಡ್ರಾಯ್ಡ್ ಎಂಬ ಇನ್ನೊಂದು ಅಂಗಡಿ 2010ರಿಂದ ಇದೆ. ಅಲ್ಲಿ ಗಲ್ಲಾಪೆಟ್ಟಿಗೆಯೇ ಇಲ್ಲ. ಇಷ್ಟವಾದರೆ ಆ್ಯಪ್ ಮಾಡಿದವರಿಗೆ ನೇರವಾಗಿ ದಕ್ಷಿಣೆ ಹಾಕಿ ಅನ್ನುತ್ತಾರೆ, ಮಠದ ದಾಸೋಹದ ಹಾಗೆ. ಒಟ್ಟಿನಲ್ಲಿ ತಿಳಿದದ್ದು ಇಷ್ಟು: ಪುಕ್ಕಟೆ ಬೇಕಾದವನಿಗೆ ಹೆಸರು ಬೇಡ. ಕಾಸು ಕೊಡುತ್ತೇನೆ ಅನ್ನುವವನ ಮೇಲೆಯೇ ಅನುಮಾನ.

ಹೋಗಲಿ, ಹೆಸರು ಕೊಟ್ಟು ಕೊಂಡರೂ ಇನ್ನೂರು ನಿಮ್ಮ ಕೈಗೆ ಪೂರ್ತಿ ಸೇರುತ್ತದೆಯೇ? ದೊಡ್ಡ ಅಂಗಡಿಯವರ ಕಮಿಷನ್ ಮೊದಲು ನೂರಕ್ಕೆ 30 ಇತ್ತು. 2021ರಿಂದ ವರ್ಷದ ಮೊದಲ 10 ಲಕ್ಷ ಡಾಲರ್ ಗಳಿಕೆಗೆ 15 ಮಾಡಿದರು. ನಮ್ಮ ಪಕ್ಕದ ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇಂಥ ಕಮಿಷನ್ ಕೇಳಿದವನು ಸಂಜೆಯೊಳಗೆ ಊರು ಬಿಡಬೇಕಾಗುತ್ತದೆ. ನಮ್ಮ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್ಲಿಗೆ ಆಂಡ್ರಾಯ್ಡ್ ವಿಷಯಕ್ಕೆ 1,337.76 ಕೋಟಿ, ಪ್ಲೇ ಸ್ಟೋರಿನ ಪಾವತಿ ನಿಯಮಗಳ ವಿಷಯಕ್ಕೆ 936.44 ಕೋಟಿ ರೂಪಾಯಿ ದಂಡ ಹಾಕಿತು. ಎರಡನೆಯದನ್ನು ಮೇಲ್ಮನವಿ ನ್ಯಾಯಮಂಡಳಿ 2025ರ ಮಾರ್ಚಿನಲ್ಲಿ 216.69 ಕೋಟಿಗೆ ಇಳಿಸಿತು. ಏಳುನೂರು ಕೋಟಿ ಚೌಕಾಸಿ! ನಮ್ಮ ಚಿಕ್ಕಪೇಟೆಯ ಸೇಟುಗಳೂ ಕೈ ಮುಗಿಯಬೇಕು.

ಎರಡನೇ ದಾರಿ, ಕಾರ್ಡಿನಿಂದ ನೇರ ನಿಮಗೇ ಕೊಡುವುದು. ನೀವಿರುವುದು ಪರದೇಶವಂತೆ, ಕಾರ್ಡು ನಡೆಯಲಿಲ್ಲ. 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡಿಗೆ ಪರದೇಶದ ವ್ಯವಹಾರ ಬಂದ್ ಇರುತ್ತದೆ, ಬೇಕಾದವರು ತೆರೆದುಕೊಳ್ಳಬೇಕು. ಒಳ್ಳೆಯ ನಿಯಮವೇ. ಎಲ್ಲಿ ತೆರೆಯುವುದು? ಬ್ಯಾಂಕಿನ ಆ್ಯಪಿನಲ್ಲಿ. ಬ್ಯಾಂಕಿನ ಆ್ಯಪ್ ತೆರೆದೆ. ಅದು ನನ್ನ ಫೋನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಈ ಸಾಧನ ಸುರಕ್ಷಿತವಲ್ಲ” ಎಂದು ಮುಖ ತಿರುಗಿಸಿತು. ಇಂಥ ಆ್ಯಪುಗಳು ಫೋನಿಗೆ ಗೂಗಲ್ಲಿನ ಮುದ್ರೆ ಬಿದ್ದಿದೆಯೇ ಎಂದು ಗೂಗಲ್ಲನ್ನೇ ಕೇಳುತ್ತವಂತೆ. ನನ್ನ ಹಳೆಯ ಫೋನಿಗೆ ಮೂರು ವರ್ಷದಿಂದ ಒಂದು ಅಪ್‌ಡೇಟ್ ಬಂದಿಲ್ಲ, ಗಾಜು ಒಡೆದು ರಂಗೋಲಿಯಾಗಿದೆ. ಅದು ಸುರಕ್ಷಿತ, ಮುದ್ರೆಯಿದೆ. ಹತ್ತು ಬೀಗ ಹಾಕಿದ ಈ ಫೋನು ಅಪಾಯಕಾರಿ, ಮುದ್ರೆಯಿಲ್ಲ. ಬೀಗ ಹಾಕಿದವನ ಮನೆಯಲ್ಲೇ ಏನೋ ಇರಬೇಕು ಎಂಬ ತರ್ಕ.

ಮೂರನೇ ದಾರಿ ಬಿಟ್‌ಕಾಯಿನ್. ಹೆಸರಿಲ್ಲದ ದುಡ್ಡು ಎಂದು ಕೇಳಿದ್ದೆ. ಕೊಳ್ಳಲು ಹೋದರೆ ಮೊದಲು ಪ್ಯಾನ್ ಕಾರ್ಡ್ ಎಂದರು. 2022ರಿಂದ ಅದರ ಲಾಭಕ್ಕೆ ನೂರಕ್ಕೆ 30 ತೆರಿಗೆ, ಕೈಬದಲಾದರೆ ನೂರಕ್ಕೆ 1 ಮೂಲದಲ್ಲೇ ಕಡಿತ. ಹೆಸರಿಲ್ಲದ ದುಡ್ಡಿಗೆ ನಾಮಕರಣ, ಕಿವಿ ಚುಚ್ಚುವುದು ಎಲ್ಲ ಆಗಿಹೋಗಿದೆ.

ನಾಲ್ಕನೆಯದು ಸರ್ಕಾರಿ ದಾರಿ, ಡಿಜಿಟಲ್ ರೂಪಾಯಿ. 2022ರ ಡಿಸೆಂಬರ್ 1ರಂದು ರಿಸರ್ವ್ ಬ್ಯಾಂಕು ಜನಸಾಮಾನ್ಯರ ಡಿಜಿಟಲ್ ರೂಪಾಯಿಯ ಪ್ರಯೋಗ ಆರಂಭಿಸಿದ ಮೊದಲ ನಾಲ್ಕು ಊರುಗಳಲ್ಲಿ ಬೆಂಗಳೂರೂ ಒಂದು. ನೋಟಿನ ಹಾಗೆಯೇ, ಸಣ್ಣ ವ್ಯವಹಾರಕ್ಕೆ ಗುರುತಿನ ಕಾಟವಿಲ್ಲ ಎಂಬುದು ಅದರ ಹಿಂದಿನ ಆಲೋಚನೆ. ಅದೇ ದಿನ, ಕರಾರುವಾಕ್ಕಾಗಿ ಅದೇ ದಿನ, ನಮ್ಮ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಡಿಜಿಯಾತ್ರಾ ಶುರುವಾಯಿತು. ಮುಖ ತೋರಿಸಿದರೆ ಬಾಗಿಲು ತೆರೆಯುತ್ತದೆ. ಒಂದೇ ಬೆಳಗ್ಗೆ ದುಡ್ಡಿಗೆ ಮುಸುಕು ಹಾಕುವ ಮಾತಾಯಿತು, ಮನುಷ್ಯನ ಮುಖಕ್ಕೆ ಮುದ್ರೆ ಒತ್ತುವ ಕೆಲಸವಾಯಿತು. ಆ ಮುಸುಕಿನ ರೂಪಾಯಿ ಸಿಗುವುದಾದರೂ ಎಲ್ಲಿ? ಬ್ಯಾಂಕಿನ ಆ್ಯಪಿನಲ್ಲಿ. ಅದು ನನ್ನನ್ನು ಕಂಡು ಮುಖ ತಿರುಗಿಸಿದ ಕತೆ ಆಗಲೇ ಹೇಳಿದೆ.

ಐದನೆಯದು ಲಕೋಟೆ. ಸ್ವೀಡನ್ನಿನ ಮುಲ್‌ವಾಡ್ ಎಂಬ ಕಂಪನಿ ತಿಂಗಳಿಗೆ 5 ಯೂರೋದಂತೆ ವಿಪಿಎನ್ ಮಾರುತ್ತದೆ. ಅವರು ಗಿರಾಕಿಗೆ ಬರೀ ಒಂದು ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆ ಬರೆದ ಚೀಟಿಯ ಜತೆ ನೋಟನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದರೂ ಆಯಿತು. 2023ರ ಏಪ್ರಿಲಿನಲ್ಲಿ ಅಲ್ಲಿನ ಪೊಲೀಸರು ವಾರಂಟು ಹಿಡಿದು ಬಂದು ಬರಿಗೈಯಲ್ಲಿ ಹೋದರಂತೆ. ಒಯ್ಯಲು ಗಿರಾಕಿಗಳ ವಿವರವೇ ಇರಲಿಲ್ಲ. ಓದಿ ರೋಮಾಂಚನವಾಗಿ ಅಂಚೆ ಕಚೇರಿಗೆ ಹೋದೆ. ಲಕೋಟೆಯಲ್ಲಿ ಗಾಂಧಿ ನೋಟು ಇಟ್ಟು ಪರದೇಶಕ್ಕೆ ಕಳಿಸುತ್ತೇನೆಂದೆ. ಕಿಟಕಿಯಾಚೆಗಿದ್ದವರು ಬಹಳ ಹೊತ್ತು ನನ್ನನ್ನೇ ನೋಡಿ, “ಮನೇಲಿ ಎಲ್ಲಾ ಚೆನ್ನಾಗಿದ್ದಾರಾ?” ಎಂದರು.

ನನ್ನ ಅವಸ್ಥೆ ನೋಡಲಾರದೆ ಅಕ್ಕನ ಮಗ ಒಂದು ರಾತ್ರಿ ಮೆಲ್ಲಗೆ, “ಮಾಮ, ಕ್ರ್ಯಾಕ್ ಮಾಡಿರೋ ಫೈಲ್ ಸಿಗ್ತದೆ. ಹೆಸರೂ ಬೇಡ, ದುಡ್ಡೂ ಬೇಡ” ಎಂದ. ನೋಡಿ, ಎಷ್ಟು ಸಲೀಸು! ಕೊಳ್ಳಲು ಆಧಾರ್, ಪ್ಯಾನ್, ಮುಖ, ನಂಬರು, ಒಟಿಪಿ. ಕದಿಯಲು ಏನೂ ಬೇಡ. ಕಳ್ಳಮಾರ್ಗದ ಬಾಗಿಲಲ್ಲಿ ತೋರಣ ಕಟ್ಟಿದ್ದಾರೆ, ರಾಜಮಾರ್ಗದಲ್ಲಿ ಚೆಕ್‌ಪೋಸ್ಟು.

ಕೈ ಮುಂದೆ ಹೋಗಿತ್ತು, ಸುಳ್ಳು ಹೇಳುವುದಿಲ್ಲ. ಹೋದ ವರ್ಷ ನಾನು ತಿಂಗಳುಗಟ್ಟಲೆ ಕೂತು ಬಿಡಿಸಿದ ನವಿಲಿನ ಅಂಚು, ಮೂರೇ ವಾರದಲ್ಲಿ ಹೊರ ರಾಜ್ಯದ ಅಗ್ಗದ ಸೀರೆಯ ಮೇಲೆ ಕುಣಿಯುತ್ತ ನಮ್ಮೂರ ಅಂಗಡಿಗೇ ಬಂದು ಕೂತಿತ್ತು. ಆವತ್ತು ನಾನು ಆಡಿದ ಬೈಗುಳ ಇಡೀ ಬೀದಿಗೆ ಕೇಳಿಸಿದೆ. ಆ ಬಾಯಲ್ಲಿ ನಿಮ್ಮ ಚೌಕಳಿಯನ್ನು ನುಂಗುವುದು ಹೇಗೆ? ನನ್ನ ಎಳೆಗೊಂದು ನ್ಯಾಯ, ನಿಮ್ಮ ಚೌಕಕ್ಕೊಂದು ನ್ಯಾಯ ಆಗುವುದಿಲ್ಲವಲ್ಲ. ಬೇಡವೆಂದೆ. ಹುಡುಗ ಹಗುರಾಗಿ ಉಸಿರು ಬಿಟ್ಟ. ನನ್ನನ್ನು ಪರೀಕ್ಷೆ ಮಾಡಿದನೋ ಏನೋ.

ಗುಟ್ಟು ಬೇಕೆನ್ನುವವನು ಏನೋ ಮುಚ್ಚಿಡುತ್ತಿದ್ದಾನೆ ಎಂಬ ಮಾತು ನನ್ನ ಕಿವಿಗೂ ಬಿದ್ದಿದೆ. 2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಇದೇ ಮಾತು ದೊಡ್ಡದಾಗಿತ್ತು. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ವರ್ಷಕ್ಕೆ ಸರಕಿನ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು ನಿಯಮ. ತೆರಿಗೆಯೇ ಇಲ್ಲದ ಸೊಪ್ಪು, ತರಕಾರಿ ಮಾರುವವರ ಕೈಯಲ್ಲೂ ನೋಟಿಸು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು “ಯುಪಿಐ ಇಲ್ಲ, ನಗದು ಮಾತ್ರ” ಎಂದು ಬರೆದರು. ನಾನು ದಿನಾ ಟೀ ಕುಡಿಯುವ ಗಾಡಿಯಲ್ಲೂ ರಟ್ಟಿನ ಬೋರ್ಡು ಬಂತು. ಗ್ರಾಫೀನ್ ಎಂದರೇನೆಂದು ಕೇಳರಿಯದ ಟೀ ಅಂಗಡಿಯವನು ಖಾಸಗಿತನದಲ್ಲಿ ರಾತ್ರೋರಾತ್ರಿ ನನ್ನನ್ನು ಮೀರಿಸಿದ್ದ. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದ ಮೇಲೆ ಕೋಡುಗಳು ಮರಳಿ ಬಂದವು.

ತೆರಿಗೆ ಕಟ್ಟಬೇಕಾದವನು ಕಟ್ಟಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗುಟ್ಟೂ ಕಳ್ಳತನವೂ ಒಂದೇ ಅಲ್ಲ. ಅದನ್ನು ದೇಶಕ್ಕೆ ಹೇಳಿಸಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಹಿರಿಯರು 2024ರಲ್ಲಿ ತೀರಿಕೊಂಡರು. ಹಕ್ಕು ನನಗಿದೆ, ಸ್ವಾಮಿ. ಅದನ್ನಿಟ್ಟುಕೊಂಡು ಇನ್ನೂರು ರೂಪಾಯಿಯ ಸಾಮಾನು ಕೊಳ್ಳುವುದು ಹೇಗೆಂಬುದು ಮಾತ್ರ ತೀರ್ಪಿನಲ್ಲಿಲ್ಲ.

ತೀರ್ಪಿನಲ್ಲಿ ಇಲ್ಲದ್ದು ನಮ್ಮ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿದೆ. ಒಂದು ಜತೆ ಹಳ್ಳಿಕಾರ್ ಹೋರಿಯ ಮುಂದೆ ಕೊಳ್ಳುವವನು, ಮಾರುವವನು ನಿಲ್ಲುತ್ತಾರೆ. ಸುತ್ತ ನೂರು ಜನ. ಕೈಗಳ ಮೇಲೆ ಒಂದು ಟವೆಲ್ ಬೀಳುತ್ತದೆ. ಕೆಳಗೆ ಬೆರಳು ಬೆರಳು ಹಿಡಿದು ದರ ಮಾತಾಗುತ್ತದೆ. ನೋಡುವವರಿಗೆ ಕಾಣುವುದು ಇಬ್ಬರ ಹುಬ್ಬು ಮಾತ್ರ. ವ್ಯಾಪಾರ ಬಹಿರಂಗ, ಬೆಲೆ ಇಬ್ಬರದೇ. ಪ್ರಪಂಚದ ಕಂಪ್ಯೂಟರ್ ಪಂಡಿತರು ಸಂಕೇತಲಿಪಿ ಹಾಕಿ ಕಟ್ಟುತ್ತಿರುವುದು ಇದನ್ನೇ ಅಲ್ಲವೇ? ನಮ್ಮ ಟವೆಲ್ಲಾದರೆ ಒಗೆದು ಮತ್ತೆ ಬಳಕೆಗೆ ಬರುತ್ತದೆ.

ನಮ್ಮೂರಿನಲ್ಲಿ ಯಾರ ಗುಟ್ಟು ಯಾರಿಗೆ ಗೊತ್ತಿಲ್ಲ ಎಂದು ನನ್ನ ಹೆಂಡತಿ ನಗುತ್ತಾಳೆ. ನಿಜ. ನನಗೆ ಸಕ್ಕರೆ ಕಾಯಿಲೆ ಇರುವುದು ದಿನಸಿ ಅಂಗಡಿಯವರಿಗೆ ಗೊತ್ತು, ಬೆಲ್ಲ ಕೇಳಿದರೆ ತೂಗುವುದಿಲ್ಲ. ಆದರೆ ಅವರ ಬಿಪಿ ನನಗೆ ಗೊತ್ತು. ಅವರು ನನ್ನನ್ನು ಎಷ್ಟು ಬಲ್ಲರೋ ಅಷ್ಟೇ ನಾನು ಅವರನ್ನು ಬಲ್ಲೆ. ಆ ಬಲ್ಲತನದ ಮೇಲೆಯೇ ಬಟವಾಡೆ ತಡವಾದ ವಾರ ನನಗೆ ಉದ್ರಿ ಹುಟ್ಟುತ್ತದೆ. ನನ್ನ ನಿದ್ದೆ, ನಡಿಗೆ, ಮಗಳ ಮದುವೆ ಎಲ್ಲ ಬಲ್ಲ ಕಂಪನಿಯ ಬಗ್ಗೆ ನನಗೇನು ಗೊತ್ತು? ಅಷ್ಟೆಲ್ಲ ಬಲ್ಲ ಮೇಲೂ ಅದು ನನಗೆ ಇನ್ನೂರು ರೂಪಾಯಿ ಉದ್ರಿ ಕೊಟ್ಟೀತೇ? ತಿಳಿದುಕೊಂಡವನು ನಂಬಬೇಕು, ನಂಬದವನಿಗೆ ತಿಳಿಯುವ ಉಸಾಬರಿ ಯಾಕೆ? ನನ್ನ ತಕರಾರು ಇಷ್ಟೇ.

ಆದ್ದರಿಂದ ನಿಮ್ಮಲ್ಲಿ ಒಂದು ಅರಿಕೆ. ನಿಮ್ಮ ಆ್ಯಪನ್ನು ದೊಡ್ಡ ಅಂಗಡಿಯಲ್ಲಿ ಮಾರಿ, ಬೇಡ ಅನ್ನುವುದಿಲ್ಲ. ಪಕ್ಕದಲ್ಲೊಂದು ಸಣ್ಣ ಕಿಟಕಿ ಇಡಿ. ದುಡ್ಡು ಕೊಟ್ಟವನಿಗೆ ಒಂದು ಸಂಖ್ಯೆ ಕೊಡಿ, ಅದನ್ನು ತುಂಬಿದರೆ ಆ್ಯಪ್ ತೆರೆಯಲಿ, ಆಮೇಲೆ ರಟ್ಟಿನ ಹಾಗೆ ತೆಪ್ಪಗಿರಲಿ. ಆ ಸಂಖ್ಯೆಯ ಚೀಟಿಗಳನ್ನು ನಮ್ಮೂರ ಮೊಬೈಲ್ ಅಂಗಡಿಗೆ ಕೊಟ್ಟರೆ ನೋಟು ಕೊಟ್ಟು ಕೊಳ್ಳುತ್ತೇನೆ. ಅಂಗಡಿಯವನಿಗೆ ನಾಲ್ಕು ಕಾಸು ಸಿಗಲಿ, ಅವನ ತೆರಿಗೆ ಅವನು ಕಟ್ಟಲಿ.

ಅಲ್ಲಿಯವರೆಗೆ ನನ್ನ ಲೆಕ್ಕದ ಪುಸ್ತಕದಲ್ಲಿ, ಜರಿಯವನ ಬಾಕಿ ಮತ್ತು ಬಣ್ಣದವನ ಬಾಕಿಯ ಕೆಳಗೆ, “ಚೌಕಳಿಯವರಿಗೆ ಬಾಕಿ 200” ಎಂದು ಬರೆದಿದ್ದೇನೆ. ಆಯುಧಪೂಜೆಯ ದಿನ ಪುಸ್ತಕಕ್ಕೆ ಕುಂಕುಮ ಇಡುವಾಗ ನಿಮ್ಮ ಸಾಲಿಗೂ ಒಂದು ಬೊಟ್ಟು ತಗುಲಿತು.

ಬಿಲ್ಲು ಕಳಿಸಲು ನನ್ನ ವಿಳಾಸ ಬೇಕಾದೀತು. ಜಿಲ್ಲೆ ಬರೆಯುವಲ್ಲೇ ಪೆನ್ನು ನಿಂತಿತು. 1986ರಿಂದ ನಾವು ಬೆಂಗಳೂರು ಗ್ರಾಮಾಂತರದವರು. 2025ರ ಜುಲೈ 2ರಂದು ನಂದಿ ಬೆಟ್ಟದ ಮೇಲೆ ಕೂತ ಸಚಿವ ಸಂಪುಟ ನಮ್ಮನ್ನು ಬೆಂಗಳೂರು ಉತ್ತರ ಮಾಡಲು ತೀರ್ಮಾನಿಸಿತು. ನಾನು ಹೆಸರು ಮರೆಸಲು ಇಷ್ಟು ಪಾಡು ಪಟ್ಟೆ, ಜಿಲ್ಲೆ ಕೂತಲ್ಲೇ ಹೆಸರು ಬದಲಿಸಿಕೊಳ್ಳಲು ಹೊರಟಿತು. ಅಷ್ಟರಲ್ಲಿ ಅಕ್ಕನ ಮಗ ಬಂದು, ಬಹಿರಂಗ ಪತ್ರದಲ್ಲಿ ವಿಳಾಸ ಬರೆಯುತ್ತಾರಾ ಮಾಮ ಎಂದು ಪೆನ್ನು ಕಿತ್ತುಕೊಂಡ.

ಇಂತಿ ನಿಮ್ಮ ಸಾಲಗಾರ,
(ಹೆಸರು ಗೋಪ್ಯ)

ತಾ.ಕ.: ಈ ಕಡೆ ಬಂದರೆ ದೊಡ್ಡಬಳ್ಳಾಪುರ ಬಸ್ ಸ್ಟ್ಯಾಂಡಿನಲ್ಲಿ ಇಳಿದು, “ಗುಟ್ಟಿನ ಫೋನ್ ಇಟ್ಟುಕೊಂಡಿರುವ ಮಗ್ಗದವರ ಮನೆ ಯಾವುದು?” ಎಂದು ಕೇಳಿ. ಸಣ್ಣ ಮಕ್ಕಳೂ ತೋರಿಸುತ್ತಾರೆ. ಟವೆಲ್ ನಾನೇ ತರುತ್ತೇನೆ.